ಫೋಟೋ ಬುಕ್: ಆಟೋಫಿಲ್ ಒತ್ತಿದ ಮೇಲೆ ಮಾಡಬೇಕಾದ ಕೆಲಸ

ನಮ್ಮ ಫೋಟೋಗಳನ್ನೇ ಪುಟಗಳಲ್ಲಿ ಜೋಡಿಸಿ ಪುಸ್ತಕವಾಗಿ ಪ್ರಿಂಟ್ ಮಾಡಿಸುವುದೇ ಫೋಟೋ ಬುಕ್. ಅದನ್ನು ಮಾಡುವ ಹೆಚ್ಚಿನ ಆ್ಯಪ್‌ಗಳಲ್ಲಿ ಆಟೋಫಿಲ್ ಅನ್ನುವ ಬಟನ್ ಇರುತ್ತದೆ. ಅದನ್ನು ಒತ್ತಿದರೆ ಸಾಕು, ನೀವು ಹಾಕಿದ ಫೋಟೋಗಳೆಲ್ಲ ತಾವಾಗಿಯೇ ಪುಟಗಳಲ್ಲಿ ಕೂತುಬಿಡುತ್ತವೆ. ಒತ್ತಿ, ತಪ್ಪೇನಿಲ್ಲ. ತಾರೀಖಿನ ಪ್ರಕಾರ ಎಲ್ಲ ಸಾಲಾಗಿ ಬರುತ್ತದೆ, ಅಷ್ಟು ಕೆಲಸ ಉಳಿಯಿತು. ಆದರೆ ಅಲ್ಲಿಗೇ ಆರ್ಡರ್ ಮಾಡಬೇಡಿ. ಯಾವ ಫೋಟೋ ನಿಮಗೆ ಮುಖ್ಯ, ಯಾವುದು ಸುಮ್ನೆ ಜೊತೆಗೆ ಬಂದದ್ದು ಅಂತ ಆ ಬಟನ್‌ಗೆ ಹೇಗೆ ಗೊತ್ತಾಗಬೇಕು? ಅಜ್ಜಿ ಮನಸಾರೆ ನಗುತ್ತಿರುವ ಒಂದೇ ಒಂದು ಫೋಟೋ ಬೆಂಕಿಪೊಟ್ಟಣದಷ್ಟಾಗಿ ಮೂಲೆ ಸೇರಿರುತ್ತದೆ, ಕಾರು ನಿಲ್ಲಿಸಿದ ಜಾಗದ ಫೋಟೋ ಪುಟ ತುಂಬಾ ಹರಡಿಕೊಂಡಿರುತ್ತದೆ. ಇದನ್ನು ನಾವೇ ಕೂತು ಸರಿಮಾಡಬೇಕು.

ಎರಡು ಪುಟ ಒಟ್ಟಿಗೆ ನೋಡಿ

ಡಿಸೈನ್ ಮಾಡುವಾಗ ನಾವು ಒಂದೊಂದೇ ಪುಟ ನೋಡುತ್ತೇವೆ. ಪುಸ್ತಕ ಕೈಗೆ ಬಂದಾಗ ಮಾತ್ರ ಎಡ ಬಲ ಎರಡೂ ಪುಟ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಈ ಜೋಡಿಗೆ ಸ್ಪ್ರೆಡ್ ಅಂತಾರೆ. ಆ್ಯಪ್‌ನಲ್ಲಿ ಸ್ಪ್ರೆಡ್ ವ್ಯೂ ಇದ್ದರೆ ಮೊದಲು ಅದನ್ನು ಆನ್ ಮಾಡಿಕೊಳ್ಳಿ, ಕೊನೆಯವರೆಗೂ ಅದರಲ್ಲೇ ಕೆಲಸ ಮಾಡಿ.

ಪ್ರತಿ ಸ್ಪ್ರೆಡ್‌ಗೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ದೊಡ್ಡದಾಗಿ ಕಾಣಬೇಕಾದ ಫೋಟೋ ಯಾವುದು? ಒಂದನ್ನು ಆರಿಸಿ. ಎರಡು ಬೇಕು ಅನಿಸಿದರೆ ಅವಕ್ಕೆ ಎರಡು ಸ್ಪ್ರೆಡ್ ಕೊಡಿ. ಎಲ್ಲವೂ ಒಂದೇ ಅಳತೆಯಲ್ಲಿದ್ದರೆ ಕಣ್ಣು ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗದೆ ಸುಮ್ನೆ ಪುಟ ತಿರುವಿಬಿಡುತ್ತದೆ.

ಇನ್ನೊಂದು ವಿಷಯ. ಸಾಮಾನ್ಯ ಬೈಂಡಿಂಗ್‌ನಲ್ಲಿ 1ನೇ ಪುಟ ಬಲಗಡೆ ಒಂಟಿಯಾಗಿ ಬರುತ್ತದೆ. ಜೋಡಿ ಶುರುವಾಗುವುದು 2–3, 4–5 ಹೀಗೆ. ಅಂದರೆ ನಡುವೆ ಎಲ್ಲೋ ಒಂದು ಪುಟ ಸೇರಿಸಿದರೆ ಅಲ್ಲಿಂದ ಮುಂದಿನ ಜೋಡಿಗಳೆಲ್ಲ ಒಡೆದುಹೋಗುತ್ತವೆ, ಬಲಗಡೆ ಇದ್ದದ್ದು ಎಡಕ್ಕೆ ಬರುತ್ತದೆ. ಪುಟ ಸೇರಿಸುವುದಾದರೂ ತೆಗೆಯುವುದಾದರೂ ಎರಡೆರಡಾಗಿಯೇ ಮಾಡಿ.

ಟೆಂಪ್ಲೇಟ್ ಆರಿಸಿ, ಆಮೇಲೆ ಮುರಿಯಿರಿ

ಆ್ಯಪ್‌ನಲ್ಲಿ ನೂರಾರು ಟೆಂಪ್ಲೇಟ್, ಅಂದರೆ ಪುಟದಲ್ಲಿ ಫೋಟೋ ಎಲ್ಲೆಲ್ಲಿ ಕೂರಬೇಕು ಅನ್ನುವ ಸಿದ್ಧ ಲೇಔಟ್ ಇರುತ್ತವೆ ಅಂತ ಪ್ರತಿ ಪುಟಕ್ಕೂ ಹೊಸದೊಂದು ಹಾಕಲು ಹೋಗಬೇಡಿ. ನಾಲ್ಕೈದು ಸಾಕು: ಇಡೀ ಪುಟ ತುಂಬುವ ಒಂದು ಫೋಟೋ, ಸುತ್ತ ಬಿಳಿ ಜಾಗ ಬಿಟ್ಟು ಮಧ್ಯದಲ್ಲಿ ಒಂದು ಫೋಟೋ, ಒಂದು ದೊಡ್ಡದು ಪಕ್ಕದಲ್ಲಿ ಎರಡು ಚಿಕ್ಕದು, ನಾಲ್ಕು ಸಮಾನ ಫೋಟೋ, ಬರೀ ಮಾತಿಗೆ ಒಂದು ಪುಟ. ಇವನ್ನೇ ತಿರುಗಿಸಿ ಮುರುಗಿಸಿ ಬಳಸಿದರೆ ಇಡೀ ಪುಸ್ತಕ ಒಬ್ಬರ ಕೈಯಿಂದ ಬಂದ ಹಾಗೆ ಕಾಣುತ್ತದೆ.

ಹಾಗಂತ ಟೆಂಪ್ಲೇಟ್ ಕೊಟ್ಟ ಜಾಗದಲ್ಲೇ ಫೋಟೋ ಕೂರಬೇಕು ಅಂತೇನೂ ಇಲ್ಲ. ಎಷ್ಟೋ ಜನ ಇಲ್ಲಿಗೇ ನಿಲ್ಲುತ್ತಾರೆ, ಅದು ನನಗೆ ನಿಜಕ್ಕೂ ಬೇಸರ. ಫೋಟೋ ಕೂತಿರುವ ಚೌಕಟ್ಟು, ಅಂದರೆ ಫ್ರೇಮ್ ಮೇಲೆ ಕ್ಲಿಕ್ ಮಾಡಿ ಅಂಚು ಎಳೆದು ನೋಡಿ. ಎಳೆಯಲು ಬರದಿದ್ದರೆ ಎಡಿಟ್ ಲೇಔಟ್, ಕಸ್ಟಮೈಸ್ ಅಥವಾ ಬೀಗದ ಗುರುತಿನ ಬಟನ್ ಎಲ್ಲಾದರೂ ಇದೆಯಾ ಹುಡುಕಿ. ಕೆಲವು ಆ್ಯಪ್‌ಗಳಲ್ಲಿ ಮೊಬೈಲ್‌ನಲ್ಲಿ ಈ ಸೌಲಭ್ಯ ಇರುವುದಿಲ್ಲ, ಕಂಪ್ಯೂಟರ್‌ನಲ್ಲಿ ತೆರೆದರೆ ಸಿಗುತ್ತದೆ.

ಫ್ರೇಮ್ ಬೇರೆ, ಒಳಗಿನ ಫೋಟೋ ಬೇರೆ ಅನ್ನುವುದನ್ನು ಮೊದಲು ಅರ್ಥ ಮಾಡಿಕೊಳ್ಳಿ. ಒಂದು ಸಲ ಕ್ಲಿಕ್ ಮಾಡಿದರೆ ಸಾಮಾನ್ಯವಾಗಿ ಫ್ರೇಮ್ ಸೆಲೆಕ್ಟ್ ಆಗುತ್ತದೆ, ಎರಡು ಸಲ ಕ್ಲಿಕ್ ಮಾಡಿದರೆ ಒಳಗಿನ ಫೋಟೋವನ್ನು ಸರಿಸಬಹುದು, ಜೂಮ್ ಮಾಡಬಹುದು. ಆಟೋಫಿಲ್‌ನಲ್ಲಿ ತಲೆ ಕತ್ತರಿಸಿಹೋಗಿದ್ದರೆ ಫೋಟೋ ಹಾಳಾಗಿದೆ ಅಂದುಕೊಳ್ಳಬೇಡಿ, ಫ್ರೇಮ್ ಒಳಗೆ ಸ್ವಲ್ಪ ಕೆಳಗೆ ಎಳೆದರೆ ತಲೆ ವಾಪಸ್ ಬರುತ್ತದೆ.

ಕತ್ತರಿಸುವ ಲೆಕ್ಕವನ್ನೂ ತಿಳಿದಿರಿ. ಫೋಟೋದ ಉದ್ದ ಬದಿ, ಗಿಡ್ಡ ಬದಿ ಇವುಗಳ ಅನುಪಾತ ನೋಡಿ: ಹೆಚ್ಚಿನ ಫೋನ್‌ಗಳ ಫೋಟೋ 4:3, ಹೆಚ್ಚಿನ ದೊಡ್ಡ ಕ್ಯಾಮೆರಾಗಳದ್ದು 3:2. ಚೌಕದ ಫ್ರೇಮ್‌ಗೆ ಹಾಕಿದರೆ 4:3 ಫೋಟೋದ ಕಾಲು ಭಾಗ ಹೋಗುತ್ತದೆ, 3:2 ಫೋಟೋದ ಮೂರನೇ ಒಂದು ಭಾಗ ಹೋಗುತ್ತದೆ. ಗುಂಪಿನ ಫೋಟೋದಲ್ಲಿ ತುದಿಯಲ್ಲಿ ನಿಂತವರು ಇದರಿಂದಲೇ ಮಾಯವಾಗುವುದು. ಅಂಥ ಫೋಟೋಗೆ ಫ್ರೇಮನ್ನೇ ಅಗಲ ಮಾಡಿ, ಮೇಲೆ ಕೆಳಗೆ ಬಿಳಿ ಜಾಗ ಉಳಿದರೆ ಉಳಿಯಲಿ ಬಿಡಿ.

ಒಂದು ಸ್ಪ್ರೆಡ್ ಮಾಡಿ ನೋಡೋಣ

ಪುಸ್ತಕ 8 ಇಂಚಿನ ಚೌಕ ಅಂತ ಇಟ್ಟುಕೊಳ್ಳಿ. ತೆರೆದರೆ 16 ಇಂಚು ಅಗಲ, 8 ಇಂಚು ಎತ್ತರ. ಸಮುದ್ರ ತೀರದಲ್ಲಿ ತೆಗೆದ ಒಂಬತ್ತು ಫೋಟೋ ಇವೆ. ಆಟೋಫಿಲ್ ಎಡಕ್ಕೆ ನಾಲ್ಕು, ಬಲಕ್ಕೆ ಐದು ಹಾಕಿದೆ.

ಮೊದಲು ಒಂದೇ ತರಹದವನ್ನು ತೆಗೆಯಿರಿ. ಅಲೆಯ ಕಡೆಗೆ ಮಗು ಓಡುವ ಫೋಟೋ ನಾಲ್ಕಿವೆ, ಒಂದು ಸಾಕು. ಮರಳಿನ ಮೇಲೆ ಚಪ್ಪಲಿ ಬಿಟ್ಟ ಫೋಟೋ ಇರಲಿ. ಒದ್ದೆ ಬಟ್ಟೆಯಲ್ಲಿ ಅಪ್ಪನ ಹೆಗಲೇರಿದ್ದು ಇರಲಿ. ಕೈಯಲ್ಲಿ ಚಿಪ್ಪು ಹಿಡಿದದ್ದು ಇರಲಿ. ಉಳಿದ ಎರಡು ಬರೀ ನೀರು, ಬೇಡ. ಒಂಬತ್ತು ಈಗ ನಾಲ್ಕಾಯಿತು.

ಮಗು ಓಡುವ ಫೋಟೋನೇ ದೊಡ್ಡದು. ಅದು ಎಡದಿಂದ ಬಲಕ್ಕೆ ಓಡುತ್ತಿದೆ, ಹಾಗಾಗಿ ಎಡ ಪುಟಕ್ಕೆ ಹಾಕಿ. ಬಲಕ್ಕೆ ಹಾಕಿದರೆ ಓಟ ಪುಸ್ತಕದಿಂದ ಹೊರಗೆ ಹೋಗುತ್ತದೆ, ನೋಡುವವರ ಕಣ್ಣೂ ಅದರ ಜೊತೆ ಹೋಗುತ್ತದೆ. ಎಡ ಪುಟ ಪೂರ್ತಿ ಅದಕ್ಕೇ ಕೊಡಿ, ಅಂಚಿನವರೆಗೆ. ಫ್ರೇಮ್ ಒಳಗೆ ಫೋಟೋ ಸರಿಸುವಾಗ ಮಗುವಿನ ಮುಂದೆ ಜಾಸ್ತಿ ಜಾಗ ಇರಲಿ, ಬೆನ್ನ ಹಿಂದೆ ಕಡಿಮೆ.

ಬಲ ಪುಟದಲ್ಲಿ ಮೂರು ಫೋಟೋ. ಹೆಗಲೇರಿದ್ದು ಸ್ವಲ್ಪ ದೊಡ್ಡದು, ಮೇಲೆ. ಚಪ್ಪಲಿ, ಚಿಪ್ಪು ಎರಡೂ ಚಿಕ್ಕ ಚೌಕಗಳು, ಕೆಳಗೆ ಅಕ್ಕಪಕ್ಕ. ಈಗ ನಡುವಿನ ಅಂತರ ನೋಡಿ: ಅಕ್ಕಪಕ್ಕದ ಎರಡರ ನಡುವೆ 4 ಮಿಲಿಮೀಟರ್ ಇದ್ದರೆ ಮೇಲಿನ ಫೋಟೋಗೂ ಕೆಳಗಿನವಕ್ಕೂ ನಡುವೆ ಅಷ್ಟೇ ಇರಬೇಕು. ಕೈಯಲ್ಲಿ ಎಳೆದು ಅಂದಾಜಿಗೆ ಬಿಡಬೇಡಿ, ಅಲೈನ್ ಬಟನ್ ಬಳಸಿ, ಇಲ್ಲದಿದ್ದರೆ ಅಳತೆಯ ಸಂಖ್ಯೆಯನ್ನೇ ಟೈಪ್ ಮಾಡಿ. ಅಂತರ ಒಂದೊಂದು ಕಡೆ ಒಂದೊಂದು ತರಹ ಇದ್ದರೆ ಏನು ತಪ್ಪಾಗಿದೆ ಅಂತ ಹೇಳಲು ಬರದಿದ್ದರೂ ಪುಟ ಸರಿಯಿಲ್ಲ ಅನ್ನುವುದು ನೋಡಿದ ತಕ್ಷಣ ಗೊತ್ತಾಗುತ್ತದೆ. ಮೂರರ ಸುತ್ತ ಪುಟದ ಅಂಚಿನಿಂದ ಒಂದೂವರೆ ಸೆಂಟಿಮೀಟರ್ ಬಿಳಿ ಬಿಡಿ. ಅಷ್ಟೇ, ಸ್ಪ್ರೆಡ್ ಮುಗಿಯಿತು. ಇದನ್ನು ನಿಮ್ಮದೇ ಲೇಔಟ್ ಆಗಿ ಸೇವ್ ಮಾಡುವ ಅವಕಾಶ ಇದ್ದರೆ ಸೇವ್ ಮಾಡಿಕೊಳ್ಳಿ, ಮುಂದೆ ಎಡಬಲ ಬದಲಿಸಿ ಮತ್ತೆ ಬಳಸಬಹುದು.

ಕತ್ತರಿ ಮತ್ತು ಮಡಿಕೆ

ಪ್ರಿಂಟ್ ಆದ ಹಾಳೆಗಳನ್ನು ಕೊನೆಗೆ ಅಂಚಿನಲ್ಲಿ ಕತ್ತರಿಸುತ್ತಾರೆ, ಆ ಕತ್ತರಿ ಒಂದೆರಡು ಮಿಲಿಮೀಟರ್ ಆಚೀಚೆ ಆಗುವುದು ಸಹಜ. ಅದಕ್ಕೇ ಅಂಚಿನವರೆಗೆ ಬರುವ ಫೋಟೋವನ್ನು ಪುಟದ ಗೆರೆ ದಾಟಿ ಸುಮಾರು 3 ಮಿಲಿಮೀಟರ್ ಹೊರಗೆ ಎಳೆಯಬೇಕು. ಇದೇ ಬ್ಲೀಡ್. ಎಳೆಯದೆ ಗೆರೆಗೆ ಸರಿಯಾಗಿ ನಿಲ್ಲಿಸಿದರೆ ಅಂಚಿನಲ್ಲಿ ತೆಳ್ಳನೆಯ ಬಿಳಿ ಎಳೆ ಉಳಿಯಬಹುದು. ಬ್ಲೀಡ್ ಎಷ್ಟು ಬೇಕು ಅಂತ ಪ್ರಿಂಟ್ ಮಾಡುವವರು ತಿಳಿಸಿರುತ್ತಾರೆ, ಅವರ ಅಳತೆಯನ್ನೇ ಪಾಲಿಸಿ. ಇದೇ ಕಾರಣಕ್ಕೆ ಮುಖ, ಅಕ್ಷರ ಯಾವುದೂ ಅಂಚಿಗೆ ಅಂಟಿಕೊಂಡಿರಬಾರದು, ಕನಿಷ್ಠ 1 ಸೆಂಟಿಮೀಟರ್ ಒಳಗಿರಲಿ. ಪುಟದ ಸುತ್ತ ತೆಳು ಗೆರೆಯ ಬಾರ್ಡರ್ ಹಾಕುವ ಆಸೆ ತುಂಬಾ ಜನಕ್ಕೆ ಇರುತ್ತದೆ, ಹಾಕಬೇಡಿ. ಕತ್ತರಿ ಸ್ವಲ್ಪ ವಾಲಿದರೂ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆಗಿ ಎದ್ದು ಕಾಣುತ್ತದೆ.

ನಡುವಿನ ಮಡಿಕೆ ಇನ್ನೂ ಮುಖ್ಯ. ಅಂಟಿಸಿದ ಅಥವಾ ಹೊಲಿದ ಬೈಂಡಿಂಗ್‌ನಲ್ಲಿ ಪುಟ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಮಡಿಕೆಯ ಹತ್ತಿರದ ಸ್ವಲ್ಪ ಭಾಗ ಒಳಗೇ ಹೋಗುತ್ತದೆ. ಎರಡೂ ಪುಟಕ್ಕೆ ಹರಡುವ ಫೋಟೋ ಹಾಕುವುದಾದರೆ ಮಡಿಕೆಯ ಜಾಗದಲ್ಲಿ ಆಕಾಶ, ನೀರು, ಗೋಡೆ ಇಂಥದ್ದು ಬರಲಿ. ಯಾರದ್ದಾದರೂ ಮುಖ ಬರುತ್ತಿದ್ದರೆ ಫೋಟೋವನ್ನು ಪಕ್ಕಕ್ಕೆ ಸರಿಸಿ, ಸರಿಸಲು ಆಗದಿದ್ದರೆ ಆ ಫೋಟೋಗೆ ಒಂದೇ ಪುಟ ಕೊಡಿ. ಲೇಫ್ಲ್ಯಾಟ್ ಬೈಂಡಿಂಗ್ ಆದರೆ ಪುಟಗಳು ಸಪಾಟಾಗಿ ಬಿಚ್ಚಿಕೊಳ್ಳುತ್ತವೆ, ಈ ತಲೆನೋವು ತುಂಬಾ ಕಡಿಮೆ. ಆದರೂ ಮಡಿಕೆಯ ಗೆರೆ ಮೂಗಿನ ಮೇಲೆ ಬರುವುದು ಯಾರಿಗೂ ಬೇಡ ಅಲ್ವಾ? ಹಾಗಾಗಿ ಬೈಂಡಿಂಗ್ ಯಾವುದು ಅಂತ ಮೊದಲೇ ತೀರ್ಮಾನಿಸಿ, ಆಮೇಲೆ ಲೇಔಟ್ ಶುರು ಮಾಡಿ.

ಫೋಟೋ ಎಷ್ಟು ದೊಡ್ಡದಾಗಬಹುದು?

ಇಂಚಿಗೆ 300 ಪಿಕ್ಸೆಲ್ (ಫೋಟೋ ಮೂಡಿಸುವ ಚುಕ್ಕಿಗಳು) ಇದ್ದರೆ ಪ್ರಿಂಟ್ ಚೆನ್ನಾಗಿ ಬರುತ್ತದೆ, 200ರವರೆಗೂ ನಡೆಯುತ್ತದೆ. 8 ಇಂಚಿನ ಪುಟ ತುಂಬಲು 2400 ಪಿಕ್ಸೆಲ್ ಬೇಕು. 12 ಮೆಗಾಪಿಕ್ಸೆಲ್ ಫೋನಿನ ಫೋಟೋ 4000 × 3000 ಇರುತ್ತದೆ, ಅದು 16 ಇಂಚಿನ ಸ್ಪ್ರೆಡ್ ಪೂರ್ತಿ ಹರಡಿದರೂ ಇಂಚಿಗೆ 250 ಸಿಗುತ್ತದೆ, ಧೈರ್ಯವಾಗಿ ಹಾಕಿ. ತೊಂದರೆ ಕೊಡುವುದು ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಬಂದವು. ಕಳಿಸುವಾಗಲೇ ಅದು ಗಾತ್ರ ಕುಗ್ಗಿಸಿರುತ್ತದೆ. 1600 ಪಿಕ್ಸೆಲ್ ಅಗಲದ ಫೋಟೋ ಅಂಥ ಸ್ಪ್ರೆಡ್‌ಗೆ ಹರಡಿದರೆ ಇಂಚಿಗೆ ಬರೀ 100 ಪಿಕ್ಸೆಲ್, ಮಬ್ಬಾಗಿ ಕಾಣುತ್ತದೆ. ತೆಗೆದವರಿಗೆ ಹೇಳಿ ಮೂಲ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಲು ಕೇಳಿ. ಸಿಗದಿದ್ದರೆ ಚಿಕ್ಕ ಫ್ರೇಮ್‌ನಲ್ಲಿಡಿ, ಅಲ್ಲಿ ಚೆನ್ನಾಗೇ ಬರುತ್ತದೆ. ಆ್ಯಪ್ ಹಳದಿ ತ್ರಿಕೋನ ತೋರಿಸಿ ಎಚ್ಚರಿಸಿದರೆ ನಿರ್ಲಕ್ಷಿಸಬೇಡಿ.

ಕನ್ನಡದಲ್ಲಿ ಅಡಿಬರಹ

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಎಷ್ಟೋ ಫೋಟೋ ಬುಕ್ ಆ್ಯಪ್‌ಗಳಲ್ಲಿ ಕನ್ನಡ ಫಾಂಟೇ ಇರುವುದಿಲ್ಲ, ಟೈಪ್ ಮಾಡಿದರೆ ಖಾಲಿ ಡಬ್ಬಿಗಳು ಬರುತ್ತವೆ. ಇನ್ನು ಕೆಲವು ಕಡೆ ಅಕ್ಷರ ಬರುತ್ತದೆ, ಒತ್ತಕ್ಷರ ಮಾತ್ರ ಒಡೆಯುತ್ತದೆ. ‘ಅಮ್ಮ’ ಅಂತ ಬರೆದರೆ ‘ಅಮ್‌ಮ’ ಅಂತ ಕಾಣುತ್ತದೆ. ಪುಸ್ತಕದಲ್ಲಿ ಅಮ್ಮನ ಹೆಸರೇ ಹೀಗೆ ಒಡೆದು ಪ್ರಿಂಟ್ ಆದರೆ ಹೇಗಿರುತ್ತದೆ ಯೋಚಿಸಿ.

ಮೊದಲ ಪುಟದಲ್ಲೇ ಒಂದು ಪರೀಕ್ಷೆ ಮಾಡಿ. ‘ಅಜ್ಜಿ’, ‘ಕ್ಷಣ’, ‘ವರ್ಷ’, ‘ಸ್ತ್ರೀ’ ಈ ನಾಲ್ಕು ಪದ ಟೈಪ್ ಮಾಡಿ, ಆ್ಯಪ್‌ನ ಪ್ರಿವ್ಯೂ ಅಥವಾ ಪಿಡಿಎಫ್‌ನಲ್ಲಿ ನೋಡಿ. ಒತ್ತು ಸರಿಯಾಗಿ ಕೆಳಗೆ ಕೂತಿದ್ದರೆ, ಅರ್ಕಾವೊತ್ತು ಬಲಗಡೆ ಬಂದಿದ್ದರೆ ಮುಂದುವರಿಯಿರಿ. ಇಲ್ಲದಿದ್ದರೆ ಬರಹವನ್ನು ಬೇರೆ ಆ್ಯಪ್‌ನಲ್ಲಿ ಸಿದ್ಧಮಾಡಿ, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ಸೇವ್ ಮಾಡಿ ಪುಟದ ಮೇಲೆ ಫೋಟೋ ತರಹ ಇಡಿ. ಇದನ್ನೂ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲೇ ಮಾಡಿ, ಇಲ್ಲದಿದ್ದರೆ ಅಕ್ಷರದ ಅಂಚು ಮಸುಕಾಗುತ್ತದೆ. ನೋಟೋ ಸೆರಿಫ್ ಕನ್ನಡ, ಟಿರೋ ಕನ್ನಡ, ಬಾಲೂ ತಮ್ಮ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಪುಟ ವಿನ್ಯಾಸದ ಸಾಫ್ಟ್‌ವೇರ್ ಆದ ಇನ್‌ಡಿಸೈನ್‌ನಲ್ಲಿ ಮಾಡುವವರು ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಳ್ಳಿ, ಆಗ ಒತ್ತಕ್ಷರ ಕೂಡಿಕೊಳ್ಳುತ್ತದೆ.

ಕನ್ನಡಕ್ಕೆ ಸಾಲಿನ ನಡುವೆ ಇಂಗ್ಲಿಷ್‌ಗಿಂತ ಜಾಸ್ತಿ ಜಾಗ ಬೇಕು. ಮೇಲೆ ಗುಡಿಸು, ಕೆಳಗೆ ಒತ್ತು ಎರಡೂ ಇರುತ್ತವಲ್ಲ, ಇಕ್ಕಟ್ಟಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. ಅಕ್ಷರ 10 ಪಾಯಿಂಟ್ ಇದ್ದರೆ ಸಾಲಿನ ಅಂತರ 15ರಿಂದ 16 ಇಡಿ. ಫೋಟೋ ಮೇಲೆಯೇ ಬರೆಯುವುದಾದರೆ ಆಕಾಶದಂಥ ಸಪಾಟು ಜಾಗ ನೋಡಿ ಬರೆಯಿರಿ, ಎಲೆಗಳ ಮೇಲೆ ಬರೆದರೆ ಓದಲು ಆಗುವುದಿಲ್ಲ. ಏನು ಬರೆಯಬೇಕು? ಫೋಟೋದಲ್ಲಿ ಕಾಣುವುದನ್ನೇ ಮತ್ತೆ ಹೇಳಬೇಡಿ. ಯಾರು, ಯಾವಾಗ, ಆವತ್ತು ಏನಂದರು ಇಂಥದ್ದು ಬರೆಯಿರಿ. ಇಪ್ಪತ್ತು ವರ್ಷ ಆದ ಮೇಲೆ ಪಕ್ಕದಲ್ಲಿ ನಿಂತವರ ಹೆಸರೇ ಮರೆತಿರುತ್ತದೆ.

ಬಣ್ಣ, ಬೆಳಕು, ಹೊದಿಕೆ

ಹಿನ್ನೆಲೆಗೆ ಬಿಳಿ ಇಲ್ಲವೇ ತುಂಬಾ ತಿಳಿಯಾದ ಒಂದೇ ಬಣ್ಣ ಸಾಕು. ಹೂವು, ಬಲೂನು, ಸ್ಟಿಕರ್‌ಗಳು ಫೋಟೋ ಜೊತೆ ಜಗಳಕ್ಕೆ ನಿಲ್ಲುತ್ತವೆ. ಸ್ಕ್ರೀನ್ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ, ಹಾಗಾಗಿ ಪ್ರಿಂಟ್ ಯಾವಾಗಲೂ ಸ್ವಲ್ಪ ಕಪ್ಪಾಗಿಯೇ ಕಾಣುತ್ತದೆ. ಸ್ಕ್ರೀನ್ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ ಪುಟಗಳನ್ನು ನೋಡಿ, ಕತ್ತಲೆ ಅನಿಸಿದ ಫೋಟೋಗಳನ್ನು ಸ್ವಲ್ಪ ಬೆಳಗಿಸಿ.

ಹೊದಿಕೆಯನ್ನು ಕೊನೆಗೆ ಮಾಡಿ. ಪುಸ್ತಕದ ಬೆನ್ನಿನ ದಪ್ಪ ಪುಟಗಳ ಸಂಖ್ಯೆಯ ಮೇಲೆ ನಿಂತಿರುತ್ತದೆ, ಒಳಗೆ ಪುಟ ಹೆಚ್ಚು ಕಡಿಮೆಯಾದರೆ ಬೆನ್ನಿನ ಮೇಲಿನ ಹೆಸರು ಜಾಗ ತಪ್ಪುತ್ತದೆ.

ಆರ್ಡರ್ ಮಾಡುವ ಮೊದಲು

ನಿಮಗೆ ಅನುಮಾನ ಇರುವ ಒಂದು ಸ್ಪ್ರೆಡ್ ಆರಿಸಿ, ಅದರ ಎರಡೂ ಪುಟವನ್ನು ಮಾಮೂಲಿ ಕಾಗದದ ಮೇಲೆ ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು ನೋಡಿ. ಎ4 ಹಾಳೆಯಲ್ಲಿ 8 ಇಂಚಿನ ಪುಟ ಹಿಡಿಯುತ್ತದೆ, ಪ್ರಿಂಟ್ ಸೆಟ್ಟಿಂಗ್‌ನಲ್ಲಿ ಫಿಟ್ ಟು ಪೇಜ್ ತೆಗೆದು 100% ಇಡಿ. ಸ್ಕ್ರೀನ್‌ನಲ್ಲಿ ಹದವಾಗಿ ಕಂಡ ಅಡಿಬರಹ ಕಾಗದದ ಮೇಲೆ ಎಷ್ಟೋ ಸಲ ವಿಪರೀತ ದೊಡ್ಡದೋ ಚಿಕ್ಕದೋ ಆಗಿರುತ್ತದೆ. ಮನೆಯ ಹಿರಿಯರ ಕೈಗೆ ಕೊಟ್ಟು ಓದಿಸಿ, ಅವರಿಗೆ ಕಷ್ಟವಾದರೆ ದೊಡ್ಡದು ಮಾಡಿ. ಹೆಸರು, ತಾರೀಖು ಸರಿ ಇದೆಯಾ ಅಂತ ಪುಸ್ತಕ ಮಾಡುವುದರಲ್ಲಿ ಕೈ ಹಾಕದ ಒಬ್ಬರಿಂದ ನೋಡಿಸಿ, ನಮ್ಮ ಕಣ್ಣಿಗೆ ನಮ್ಮ ತಪ್ಪು ಕಾಣುವುದಿಲ್ಲ.

ಪುಸ್ತಕ ಬಂದ ಮೇಲೂ ಪ್ರಾಜೆಕ್ಟನ್ನು, ಮೂಲ ಫೋಟೋಗಳನ್ನು ಒಂದೇ ಫೋಲ್ಡರ್‌ನಲ್ಲಿ ಇಟ್ಟುಕೊಂಡಿರಿ. ನೋಡಿದವರಲ್ಲಿ ಒಬ್ಬರಾದರೂ ನಮಗೂ ಒಂದು ಪ್ರತಿ ಬೇಕು ಅಂತ ಕೇಳಿಯೇ ಕೇಳುತ್ತಾರೆ.