ಪೊರೆ ಆಪರೇಷನ್ನಿಗೆ ಅಜ್ಜಿಯನ್ನು ಒಪ್ಪಿಸುವುದು, ಮೋಸ ಮಾಡದೆ

ಇನ್ನೊಬ್ಬರ ಮನಸ್ಸು ತಿರುಗಿಸಲು ಹೊರಡುವುದೇ ತಪ್ಪಲ್ಲ. ಹೇಗೆ ಒಪ್ಪಿಸಿದಿರಿ ಎಂಬುದು ಆಮೇಲೆ ಪೂರ್ತಿ ಗೊತ್ತಾದರೂ ಅಜ್ಜಿಗೆ ಸಿಟ್ಟು ಬರಬಾರದು, ಅಷ್ಟೇ. "ಸುಮ್ಮನೆ ಚೆಕಪ್ಪು" ಎಂದು ಕರೆದೊಯ್ದು ಅಡ್ಮಿಟ್ ಮಾಡಿಸಿದರೆ ಅದು ಮೋಸ. ಉಪಯೋಗವೂ ಇಲ್ಲ: ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಕಣ್ಣು ಮಾಡುತ್ತಾರೆ, ಎರಡನೆಯದಕ್ಕೆ ಅಜ್ಜಿ ಆ ಕಡೆ ತಲೆಯೂ ಹಾಕುವುದಿಲ್ಲ.

ನೆಂಟರಿಷ್ಟರ ಮುಂದೆ ವಿಷಯ ಎತ್ತಬೇಡಿ. ಒಬ್ಬರೇ ಇದ್ದಾಗ ಕೇಳಿ: "ಅಜ್ಜಿ, ಕಣ್ಣು ಯಾವ ಕೆಲಸಕ್ಕೆ ಕೈಕೊಡ್ತಿದೆ?" ಅಕ್ಕಿಯಲ್ಲಿ ಕಲ್ಲು ಕಾಣುವುದಿಲ್ಲ, ಎದುರು ಗಾಡಿಯ ಲೈಟು ಚುಚ್ಚುತ್ತದೆ ಎಂದು ಅವರ ಬಾಯಿಂದಲೇ ಬರಲಿ. ಆಮೇಲೆ, "ಆಪರೇಷನ್ನಿಗೆ ರೂಪಾಯಿಗೆ ಎಷ್ಟಾಣೆ ಮನಸ್ಸಿದೆ?" ನಾಲ್ಕಾಣೆ ಎಂದರೆ "ಅಷ್ಟೇನಾ?" ಎನ್ನಬೇಡಿ, ಬೇಡವೆನ್ನಲು ಕಾರಣ ಹುಡುಕತೊಡಗುತ್ತಾರೆ. "ನಾಲ್ಕಾಣೆಯಾದ್ರೂ ಇದೆಯಲ್ಲ, ಯಾಕೆ?" ಎಂದರೆ ಬೇಕೆನ್ನುವ ಕಾರಣ ಅವರೇ ಹೇಳುತ್ತಾರೆ. ಇಲ್ಲಿ ಬಾಯಿ ಮುಚ್ಚಿಕೊಂಡು ಕೇಳುವುದೇ ಮುಕ್ಕಾಲು ಕೆಲಸ.

ಭಯಕ್ಕೆ ಉತ್ತರ ಕೊಡುವಾಗ ಇದ್ದದ್ದನ್ನು ಇದ್ದಹಾಗೆ ಹೇಳಿ. ಕಣ್ಣುಗುಡ್ಡೆ ಹೊರಗೆ ತೆಗೆಯುವುದಿಲ್ಲ. ಮಸುಕಾದ ಮಸೂರ ತೆಗೆದು ಕೃತಕ ಲೆನ್ಸ್ ಕೂರಿಸುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಹೆಚ್ಚಿನವರು ಅದೇ ದಿನ ಮನೆಗೆ ಬರುತ್ತಾರೆ. ಸುಮಾರು ಒಂದು ತಿಂಗಳು ಹನಿಮದ್ದು, ಓದಲು ಕನ್ನಡಕ ಬೇಕಾಗಬಹುದು. "ಏನೂ ಆಗಲ್ಲ" ಎನ್ನಬೇಡಿ: ಅಪರೂಪಕ್ಕೆ ಸೋಂಕು ಆಗುತ್ತದೆ, ನೋವು ಹೆಚ್ಚಿದರೆ ಅಥವಾ ದೃಷ್ಟಿ ಮಂಜಾದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು.

"ಪೊರೆ ಬಲಿಯಲಿ" ಎಂಬುದು ಹಳೇ ಮಾತು. ತೀರಾ ಬಲಿತರೆ ಮಸೂರ ಗಟ್ಟಿಯಾಗಿ ಆಪರೇಷನ್ ಕಷ್ಟವಾಗುತ್ತದೆ. ಹಾಗೆಂದು "ಈ ತಿಂಗಳೇ ಮಾಡಿಸದಿದ್ರೆ ಕುರುಡು" ಎಂದು ಹೆದರಿಸುವುದೂ ಸುಳ್ಳೇ, ಪೊರೆ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ. ಮಸೂರ ಊದಿ ಕಣ್ಣಿನ ಒತ್ತಡ ಏರಿದೆ ಎಂಬಂಥ ಕಾರಣ ಡಾಕ್ಟರೇ ಹೇಳಿದ್ದರೆ ಮಾತ್ರ ಅವಸರ ನಿಜ. ಅದನ್ನು ನೇರವಾಗಿ ಹೇಳಿ.

ಪಕ್ಕದ ಮನೆಯಲ್ಲಿ ಮಾಡಿಸಿಕೊಂಡವರಿದ್ದರೆ ಮಾತಾಡಿಸಿ, ಹನಿಮದ್ದಿನ ರಗಳೆಯನ್ನೂ ಅವರು ಹೇಳಲಿ. ಎರಡು ಸಲ ಕೇಳಿಯೂ ಬೇಡವೆಂದರೆ ಬಿಟ್ಟುಬಿಡಿ, ಮುಂದಿನ ಕಣ್ಣು ಪರೀಕ್ಷೆಯ ಹೊತ್ತಿಗೆ ಮತ್ತೆ ಕೇಳಬಹುದು. ಒಪ್ಪಿದರೆ, ಹಬ್ಬ ಕಳೆದ ಮೇಲೋ ಮೊದಲೋ, ದಿನ ಅವರೇ ಆರಿಸಲಿ. ಸಕ್ಕರೆ, ಬಿಪಿ ಮೊದಲೇ ನೋಡಿಸಿ. ಸಹಿ ಹಾಕುವ ಮುನ್ನ ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ ಹೇಳಿ. ಅಷ್ಟು ಸಣ್ಣ ಅಕ್ಷರ ಆ ಕಣ್ಣಿಗೆ ಕಾಣುವುದಿಲ್ಲ.