ಲೀಶ್ಮೇನಿಯಾ ಮೇಲೆ ಸಸ್ಯಸಾರದ ಪರೀಕ್ಷೆ: ಬಣ್ಣವನ್ನಷ್ಟೇ ನಂಬಬೇಡಿ

ಬಿಹಾರ, ಜಾರ್ಖಂಡ್‌ನ ಬಡವರನ್ನು ಬಹುಕಾಲದಿಂದ ಕಾಡಿದ ಕಾಲಾ ಅಜಾರ್ ರೋಗಕ್ಕೆ ಕಾರಣ ಲೀಶ್ಮೇನಿಯಾ ಡೊನೊವಾನಿ ಎಂಬ ಏಕಕೋಶ ಪರಾವಲಂಬಿ. ಇದಕ್ಕಿರುವ ಔಷಧಿಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಮಿಲ್ಟೆಫೊಸಿನ್ ಅನ್ನು ಗರ್ಭಿಣಿಯರಿಗೆ ಕೊಡುವಂತಿಲ್ಲ. ಗಿಡಗಳಲ್ಲಿ ಹೊಸ ಮದ್ದು ಹುಡುಕಲು ಇಷ್ಟು ಕಾರಣ ಸಾಕು. ಆದರೆ ಸಸ್ಯಸಾರ ಪರೀಕ್ಷಿಸುವವರನ್ನು ಸುಲಭವಾಗಿ ಏಮಾರಿಸುತ್ತದೆ.

ಮೊದಲು ಗಿಡದ ಒಣ ಮಾದರಿಯನ್ನು ಹರ್ಬೇರಿಯಂಗೆ (ಒಣಸಸ್ಯಗಳ ಸಂಗ್ರಹಾಲಯ) ಕೊಟ್ಟು ಸಂಖ್ಯೆ ಪಡೆಯಿರಿ. ಎಲೆಯನ್ನು ನೆರಳಲ್ಲಿ ಒಣಗಿಸಿ, 50 ಗ್ರಾಂ ಪುಡಿಯನ್ನು 500 ಮಿ.ಲೀ. ಎಥನಾಲ್‌ನಲ್ಲಿ 48 ಗಂಟೆ ನೆನೆಸಿ, ಸೋಸಿ, 40 ಡಿಗ್ರಿ ಮೀರದಂತೆ ರೋಟರಿ ಇವಾಪೊರೇಟರ್‌ನಲ್ಲಿ ಇಂಗಿಸಿ. ಉಳಿದ ಎಥನಾಲ್ ಪೂರ್ತಿ ಹೋಗಲೇಬೇಕು. ಇಲ್ಲವಾದರೆ ಪರಾವಲಂಬಿಯನ್ನು ಕೊಂದದ್ದು ಗಿಡವೋ ಎಥನಾಲೋ ತಿಳಿಯದು.

ಒಣಸಾರವನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಮಿ.ಲೀ.ಗೆ 20 ಮಿ.ಗ್ರಾಂನಂತೆ ಕರಗಿಸಿ. ಇದನ್ನು ಪರಾವಲಂಬಿ ಬೆಳೆಸುವ ಪೋಷಕ ಮಾಧ್ಯಮದಲ್ಲಿ ನೂರು ಪಟ್ಟು ತೆಳುವಾಗಿಸಿ, ಮುಂದಿನ ಅರ್ಧರ್ಧ ದುರ್ಬಲೀಕರಣಗಳನ್ನೆಲ್ಲ ಶೇ. 1 ಡಿಎಂಎಸ್‌ಒ ಇರುವ ಮಾಧ್ಯಮದಲ್ಲೇ ಮಾಡಿ. 96 ಗುಳಿಗಳ ಪ್ಲೇಟಿನಲ್ಲಿ ಪ್ರತಿ ಗುಳಿಗೆ ಇದರ 100 ಮೈಕ್ರೋಲೀಟರ್, ಜೊತೆಗೆ ಚುರುಕಾಗಿ ಬೆಳೆಯುತ್ತಿರುವ ಪ್ರೊಮ್ಯಾಸ್ಟಿಗೋಟ್‌ಗಳ (ಪರಾವಲಂಬಿಯ ಒಂದು ರೂಪ; ಮಿ.ಲೀ.ಗೆ 20 ಲಕ್ಷ) 100 ಮೈಕ್ರೋಲೀಟರ್ ಹಾಕಿ. ಆಗ ಗರಿಷ್ಠ ಸಾಂದ್ರತೆ ಮಿ.ಲೀ.ಗೆ 100 ಮೈಕ್ರೋಗ್ರಾಂ ಆಗುತ್ತದೆ; ಡಿಎಂಎಸ್‌ಒ ಎಲ್ಲ ಗುಳಿಗಳಲ್ಲೂ ಶೇ. 0.5 ಇರುತ್ತದೆ. ಅಂಚಿನ ಗುಳಿಗಳು ಬೇಗ ಆರುತ್ತವೆ, ಅಲ್ಲಿ ಬರೀ ಬಫರ್ ತುಂಬಿ. 26 ಡಿಗ್ರಿಯಲ್ಲಿ 72 ಗಂಟೆ ಇಟ್ಟು, ರೆಸಜುರಿನ್ ಸೇರಿಸಿ.

ಬದುಕಿರುವ ಕೋಶ ನೀಲಿ ರೆಸಜುರಿನ್ ಅನ್ನು ಗುಲಾಬಿಯಾಗಿಸುತ್ತದೆ. ತೊಂದರೆ ಇಲ್ಲೇ ಶುರು. ಪಾಲಿಫಿನಾಲ್ ತುಂಬಿದ ಸಾರ ಒಂದೂ ಜೀವಿ ಇಲ್ಲದೆಯೇ ಬಣ್ಣ ತಿರುಗಿಸಬಲ್ಲದು. ಆಗ ನಿಜವಾಗಿ ಕೊಲ್ಲುವ ಸಾರವೂ ನಿರುಪಯೋಗಿಯಂತೆ ಕಾಣುತ್ತದೆ. ಹಸಿರು ಕ್ಲೋರೊಫಿಲ್ ಓದಿನ ಅಂಕಿಯನ್ನೇ ಕೆಡಿಸುತ್ತದೆ. ಅದಕ್ಕೇ ಪ್ರತಿ ಸಾಂದ್ರತೆಗೂ ಪರಾವಲಂಬಿ ಇಲ್ಲದ ಒಂದು ಸಾಲು ಬೇಕೇ ಬೇಕು. ಜೊತೆಗೆ ಡಿಎಂಎಸ್‌ಒ ಮಾತ್ರದ ಗುಳಿಗಳು, ಈ ಪರಾವಲಂಬಿಯನ್ನು ಕೊಲ್ಲುವುದೆಂದು ಗೊತ್ತಿರುವ ಔಷಧಿ ಆಂಫೊಟೆರಿಸಿನ್ ಬಿ ಹಾಕಿದ ಗುಳಿಗಳು ಇರಲಿ. ಆಂಫೊಟೆರಿಸಿನ್ ತನ್ನ ಕೆಲಸ ಮಾಡಿಲ್ಲವೆಂದರೆ ಆ ಇಡೀ ಪ್ಲೇಟನ್ನು ಕೈಬಿಡಿ. ಟ್ಯಾನಿನ್‌ಗಳಂತೂ ಸಿಕ್ಕ ಪ್ರೋಟೀನಿಗೆಲ್ಲ ಅಂಟಿ ಎಲ್ಲವನ್ನೂ ಕೊಂದಂತೆ ತೋರಿಸುತ್ತವೆ. ಅನುಮಾನ ಬಂದರೆ, ಟ್ಯಾನಿನ್ ಹಿಡಿದಿಡುವ ಪಾಲಿವಿನೈಲ್‌ಪಾಲಿಪಿರೊಲಿಡೋನ್‌ನಿಂದ ಟ್ಯಾನಿನ್ ತೆಗೆದು ಮತ್ತೆ ಪರೀಕ್ಷಿಸಿ.

ಇಲ್ಲಿಗೇ ನಿಲ್ಲಿಸಬೇಡಿ. ಪ್ರೊಮ್ಯಾಸ್ಟಿಗೋಟ್ ಇರುವುದು ಮರಳುನೊಣದ ಹೊಟ್ಟೆಯಲ್ಲಿ. ರೋಗಿಯ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶದೊಳಗೆ ಅಡಗಿರುವುದು ಅಮ್ಯಾಸ್ಟಿಗೋಟ್ ಎಂಬ ರೂಪ. ಪಿಎಂಎ ಎಂಬ ರಾಸಾಯನಿಕ ಕೊಟ್ಟು ಮ್ಯಾಕ್ರೋಫೇಜ್‌ನಂತಾಗಿಸಿ ತಳಕ್ಕಂಟಿಸಿದ ಟಿಎಚ್‌ಪಿ-1 ಎಂಬ ಮಾನವ ಕೋಶಗಳಿಗೆ, ಕೋಶವೊಂದಕ್ಕೆ ಹತ್ತರಂತೆ ಪರಾವಲಂಬಿ ಸೇರಿಸಿ, 24 ಗಂಟೆಯ ನಂತರ ಹೊರಗುಳಿದವನ್ನು ತೊಳೆದು, ಸಾರ ಹಾಕಿ 37 ಡಿಗ್ರಿಯಲ್ಲಿ 72 ಗಂಟೆ ಇಡಿ. ಇಲ್ಲಿ ರೆಸಜುರಿನ್ ಬೇಡ. ಮ್ಯಾಕ್ರೋಫೇಜ್ ತಾನೇ ಬಣ್ಣ ತಿರುಗಿಸುತ್ತದೆ. ಗಿಯೆಮ್ಸಾ ಬಣ್ಣ ಹಾಕಿ, ಕನಿಷ್ಠ 100 ಮ್ಯಾಕ್ರೋಫೇಜ್‌ಗಳೊಳಗಿನ ಅಮ್ಯಾಸ್ಟಿಗೋಟ್‌ಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ. ಎಣಿಸುವವರಿಗೆ ಯಾವ ಸ್ಲೈಡ್ ಯಾವುದೆಂದು ಗೊತ್ತಿರಬಾರದು.

ಸೋಂಕಿಲ್ಲದ ಮ್ಯಾಕ್ರೋಫೇಜ್‌ಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಸಾಂದ್ರತೆಯನ್ನು, ಅಮ್ಯಾಸ್ಟಿಗೋಟ್‌ಗಳನ್ನು ಅರ್ಧಕ್ಕಿಳಿಸುವ ಸಾಂದ್ರತೆಯಿಂದ ಭಾಗಿಸಿ. 10ಕ್ಕಿಂತ ಹೆಚ್ಚು ಬಂದರೆ ಸಾರದ ಘಟಕಗಳನ್ನು ಕ್ರೊಮ್ಯಾಟೋಗ್ರಫಿ ಕಾಲಂನಲ್ಲಿ ಬೇರ್ಪಡಿಸಲು ಕೈಹಾಕಬಹುದು. 1ರ ಆಸುಪಾಸು ಬಂದರೆ ಅದು ಸಿಕ್ಕಿದ್ದನ್ನೆಲ್ಲ ಕೊಲ್ಲುವ ವಿಷ, ಬಿಟ್ಟುಬಿಡಿ.