ಫೋಟೊ ಪ್ರಿಂಟಿಗೆ ಯಾವ ಫೈಲ್ ಕೊಡಬೇಕು?

ಮೊದಲೇ ಹೇಳಿಬಿಡೋಣ: ಎಡಿಟಿಂಗ್ ಮುಗಿಯುವವರೆಗೆ ಫೋಟೊ 16 ಬಿಟ್ ಟಿಫ್‌ನಲ್ಲಿರಲಿ (ಟಿಫ್ ಎಂದರೆ ವಿವರ ಕಳೆಯದೆ ಉಳಿಸುವ ಫೈಲ್; ಬಿಟ್ ಹೆಚ್ಚಿದಷ್ಟೂ ಬಣ್ಣದ ಮೆಟ್ಟಿಲು ಹೆಚ್ಚು). ಕಲರ್ ಲ್ಯಾಬಿಗೆ ಕೊಡುವ ದಿನ ಅದರಿಂದ ಒಂದೇ ಒಂದು ಸಲ ಜೆಪೆಗ್ ತೆಗೆಯಿರಿ. ಯಾವ ಫಾರ್ಮ್ಯಾಟೂ ಫೋಟೊದಲ್ಲಿ ಇಲ್ಲದ ವಿವರವನ್ನು ತಂದುಕೊಡದು. ಇದ್ದದ್ದು ದಾರಿಯಲ್ಲಿ ಸೋರಿಹೋಗದಂತೆ ಕಾಗದದವರೆಗೆ ಮುಟ್ಟಿಸುವುದಷ್ಟೇ ಅದರ ಕೆಲಸ.

ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಸುಲಭವಾಗಿ ಕಾಣದ ಸೂಕ್ಷ್ಮಗಳನ್ನು ಬಿಟ್ಟುಬಿಡುತ್ತದೆ. ಕ್ವಾಲಿಟಿ ಹೆಚ್ಚಿಟ್ಟಿದ್ದರೆ ಒಂದು ಸಲ ಬಿಟ್ಟದ್ದು ಪ್ರಿಂಟಿನಲ್ಲಿ ಗೊತ್ತಾಗುವುದಿಲ್ಲ. ಆದರೆ ಇವತ್ತು ಬ್ರೈಟ್ ಮಾಡಿ ಸೇವ್, ನಾಳೆ ಕ್ರಾಪ್ ಮಾಡಿ ಸೇವ್, ಆಮೇಲೆ ಮೊಬೈಲಿನಲ್ಲಿ ಫಿಲ್ಟರ್ ಹಾಕಿ ಮತ್ತೊಂದು ಸೇವ್ ಎಂದು ಸುತ್ತು ಹೆಚ್ಚಿದಂತೆ ಕಂಬಳದ ಫೋಟೊದಲ್ಲಿ ಕೋಣಗಳ ಸುತ್ತ ಚಿಮ್ಮಿದ ಕೆಸರುನೀರಿನ ಹನಿಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಫೈಲನ್ನು ಬರೀ ತೆರೆದು ನೋಡಿದರೆ, ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಏನೂ ಆಗದು. ಕೆಡಿಸುವುದು ಮತ್ತೆ ಮತ್ತೆ ಸೇವ್ ಮಾಡುವುದು.

ಇದಕ್ಕಿಂತ ಹೆಚ್ಚು ಜನರ ಕಣ್ಣು ತಪ್ಪಿಸುವ ತೊಂದರೆ ಬಣ್ಣದ್ದು. ಕಡಿಮೆ ಕ್ವಾಲಿಟಿಯ ಜೆಪೆಗ್ ಬೆಳಕಿನ ವಿವರವನ್ನು ಪ್ರತಿ ಪಿಕ್ಸೆಲ್‌ಗೂ ಉಳಿಸಿಕೊಂಡು, ಬಣ್ಣವನ್ನು ಮಾತ್ರ ನಾಲ್ಕು ಪಿಕ್ಸೆಲ್‌ಗಳಿಗೆ ಒಂದರಂತೆ ಹಂಚುತ್ತದೆ. ಮುಖ, ಮರ, ಸಮುದ್ರಕ್ಕೆ ಇದು ನಡೆಯುತ್ತದೆ. ಬಡಗುತಿಟ್ಟು ಯಕ್ಷಗಾನ ವೇಷದ ಕೆಂಪು ಚೌಕುಳಿಯ ಕಸೆ ಸೀರೆಯನ್ನು ಹತ್ತಿರದಿಂದ ತೆಗೆದ ಫೋಟೊದಲ್ಲಿ ನಡೆಯುವುದಿಲ್ಲ: ಕೆಂಪು ಗೆರೆಯ ಅಂಚು ಹಲ್ಲುಹಲ್ಲಾಗಿ ಪಕ್ಕದ ಬಣ್ಣಕ್ಕೆ ಒಸರುತ್ತದೆ. 4×6 ಇಂಚಿನಲ್ಲಿ ಅಡಗಿಕೊಳ್ಳುವ ಈ ದೋಷ 12×18ರಲ್ಲಿ ಎದ್ದು ಕಾಣುತ್ತದೆ. ಫೋಟೊಶಾಪಿನ ‘ಸೇವ್ ಆ್ಯಸ್’ನಲ್ಲಿ ಕ್ವಾಲಿಟಿ 6 ಅಥವಾ ಅದಕ್ಕಿಂತ ಕಡಿಮೆ ಇಟ್ಟರೆ ಹೀಗಾಗುತ್ತದೆ, 7ರಿಂದ ಮೇಲೆ ಬಣ್ಣ ಪೂರ್ತಿ ಉಳಿಯುತ್ತದೆ. ಪ್ರಿಂಟಿಗೆ 11 ಅಥವಾ 12 ಇಡಿ. ಗಿಂಪ್ ಬಳಸುವವರು ಕ್ವಾಲಿಟಿ 95 ಇಟ್ಟು, ಅಡ್ವಾನ್ಸ್ಡ್ ಆಯ್ಕೆಗಳಲ್ಲಿ ಸಬ್‌ಸ್ಯಾಂಪ್ಲಿಂಗ್ 4:4:4 (ಬಣ್ಣ ಪ್ರತಿ ಪಿಕ್ಸೆಲ್‌ಗೂ ಉಳಿಯುವ ಆಯ್ಕೆ) ಇದೆಯೇ ಎಂದು ನೋಡಿಕೊಳ್ಳಿ.

ಇನ್ನು ಮಲ್ಪೆಯ ಸಂಜೆಯ ಆಕಾಶ. ಜೆಪೆಗ್ 8 ಬಿಟ್‌ನದು, ಅಂದರೆ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ಕಿತ್ತಳೆಯಿಂದ ನೇರಳೆಗೆ ನುಣ್ಣಗೆ ಜಾರುವ ಆಕಾಶವನ್ನು ಎಡಿಟಿಂಗ್‌ನಲ್ಲಿ ಎಳೆದಾಡಿದರೆ ಆ ಮೆಟ್ಟಿಲುಗಳ ನಡುವೆ ಬಿರುಕು ಬಿಟ್ಟು ಪಟ್ಟೆಪಟ್ಟೆಯಾಗುತ್ತದೆ. ಕ್ಯಾಮೆರಾ ಸೆರೆಹಿಡಿದದ್ದನ್ನು ಸಂಸ್ಕರಿಸದೆ ಇಡುವ 14 ಬಿಟ್ ರಾ ಫೈಲಿನಲ್ಲಿ 16,384 ಮೆಟ್ಟಿಲುಗಳಿರುವುದರಿಂದ ಅಲ್ಲಿ ಎಳೆದಾಡಲು ಜಾಗವಿದೆ. ಹಾಗಾಗಿ ರಾದಲ್ಲಿ ತೆಗೆದು, 16 ಬಿಟ್ ಟಿಫ್ ಆಗಿ ಹೊರತೆಗೆದು ಕೆಲಸ ಮಾಡಿ. 24 ಮೆಗಾಪಿಕ್ಸೆಲ್‌ನ ಇಂಥ ಟಿಫ್ ಸುಮಾರು 144 ಎಂಬಿ ಆಗುತ್ತದೆ. ಕುಗ್ಗಿಸಲು ಜಿಪ್ ಆರಿಸಿ. 16 ಬಿಟ್ ಫೋಟೊಗೆ ಎಲ್‌ಜಡ್‌ಡಬ್ಲ್ಯು ಎಂಬ ಇನ್ನೊಂದು ಕುಗ್ಗಿಸುವ ವಿಧಾನ ಹಾಕಿದರೆ ಫೈಲ್ ಕೆಲವೊಮ್ಮೆ ಇನ್ನೂ ದಪ್ಪವಾಗುತ್ತದೆ. ರಾ ಫೈಲನ್ನೇ ಲ್ಯಾಬಿಗೆ ಕೊಡಬೇಡಿ. ಅದು ಇನ್ನೂ ಬೇಯದ ಅಕ್ಕಿ, ಬಣ್ಣ ಹೇಗಿರಬೇಕೆಂದು ತೀರ್ಮಾನಿಸಬೇಕಾದವರು ನೀವು.

ಪಿಎನ್‌ಜಿ ಏನನ್ನೂ ಕಳೆದುಕೊಳ್ಳುವುದಿಲ್ಲ, ನಿಜ. ಲೋಗೊ, ಅಕ್ಷರ, ಹಿನ್ನೆಲೆ ತೆಗೆದ ಚಿತ್ರಗಳಿಗೆ ಅದೇ ಸರಿ. ಆದರೆ ಅದರಲ್ಲಿ ಸಿಎಂವೈಕೆ ಬಣ್ಣ (ಅಚ್ಚುಯಂತ್ರದ ನಾಲ್ಕು ಶಾಯಿಗಳ ಲೆಕ್ಕ) ಇಡಲಾಗದು. ಸ್ಕ್ರೀನ್‌ಶಾಟ್ ಪಿಎನ್‌ಜಿ ಆಗಿದ್ದ ಮಾತ್ರಕ್ಕೆ ಪ್ರಿಂಟಿಗೆ ಒಳ್ಳೆಯದೂ ಆಗದು. ಅದರಲ್ಲಿರುವುದು ಪರದೆಯಲ್ಲಿದ್ದಷ್ಟೇ ಪಿಕ್ಸೆಲ್.

ಐಫೋನ್ 2017ರ ಐಓಎಸ್ 11ರಿಂದ ಎಚ್‌ಇಐಸಿ ಎಂಬ ಫೋಟೊ ಫಾರ್ಮ್ಯಾಟ್ ಬಳಸುತ್ತಿದೆ. ಫೈಲ್ ಚಿಕ್ಕದು, ಗುಣಮಟ್ಟವೂ ಒಳ್ಳೆಯದು, ಆದರೆ ಲ್ಯಾಬಿನ ಕಂಪ್ಯೂಟರಿನಲ್ಲಿ ತೆರೆಯದೆ ಹೋಗಬಹುದು. ಹೆಸರಿನ ಕೊನೆಯನ್ನು ತಿದ್ದಿ ಜೆಪಿಜಿ ಎಂದು ಬರೆದರೆ ಫೈಲ್ ಬದಲಾಗುವುದಿಲ್ಲ; ಎಕ್ಸ್‌ಪೋರ್ಟ್ ಮಾಡಲೇಬೇಕು. ಮನೆಯ ಕಾರ್ಯಕ್ರಮಕ್ಕೆ ಮುಂಚೆಯೇ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಒತ್ತಿಟ್ಟರೆ ಜೆಪೆಗ್ಗೇ ಸಿಗುತ್ತದೆ.

ಲ್ಯಾಬಿಗೆ ಕೊಡುವ ಜೆಪೆಗ್ ಎಸ್‌ಆರ್‌ಜಿಬಿ ಬಣ್ಣದಲ್ಲಿರಲಿ, ಹೆಚ್ಚಿನ ಪರದೆ, ಯಂತ್ರಗಳು ನಿರೀಕ್ಷಿಸುವ ಬಣ್ಣದ ವ್ಯವಸ್ಥೆ ಅದು. ಇನ್ನೂ ಅಗಲ ಬಣ್ಣವ್ಯಾಪ್ತಿಯ ಅಡೋಬಿ ಆರ್‌ಜಿಬಿ ಫೈಲನ್ನು ಪ್ರೊಫೈಲ್ (ಬಣ್ಣವನ್ನು ಹೇಗೆ ಓದಬೇಕೆಂಬ ಸೂಚನೆ) ಓದದ ಯಂತ್ರಕ್ಕೆ ಕೊಟ್ಟರೆ ರೇಷ್ಮೆ ಸೀರೆಯೂ ತೊಳೆದು ಹಳತಾದಂತೆ ಮಂಕಾಗಿ ಬರುತ್ತದೆ. ಬದಲಿಸುವಾಗ ‘ಕನ್ವರ್ಟ್ ಟು ಪ್ರೊಫೈಲ್’ ಬಳಸಿ. ‘ಅಸೈನ್’ ಒತ್ತಿದರೆ ಬಣ್ಣವೇ ಪಲ್ಲಟವಾಗುತ್ತದೆ. ಫೋಟೊ ಕಾಗದಕ್ಕೆ ಸಿಎಂವೈಕೆ ಮಾಡಬೇಡಿ, ಲ್ಯಾಬಿನ ಯಂತ್ರ ಆ ಕಾಗದದ ಮೇಲೆ ಬರೆಯುವುದು ಕೆಂಪು, ಹಸಿರು, ನೀಲಿ ಬೆಳಕಿನಿಂದ. ಸಿಎಂವೈಕೆ ಬೇಕಾಗುವುದು ಮದುವೆ ಕಾಗದ, ಸ್ಮರಣ ಸಂಚಿಕೆಯಂಥ ಆಫ್‌ಸೆಟ್ (ಶಾಯಿಯ ಅಚ್ಚು) ಕೆಲಸಕ್ಕೆ. ಅಲ್ಲಿ ಟಿಫ್ ಅಥವಾ ಪಿಡಿಎಫ್ ಕೊಡಿ, ಪ್ರೊಫೈಲ್ ಯಾವುದೆಂದು ಪ್ರೆಸ್ಸಿನವರನ್ನೇ ಕೇಳಿ.  

ಬೇಕಾದ ಪಿಕ್ಸೆಲ್ ಅಳತೆಗೆ ಕಾಗದದ ಇಂಚನ್ನು 300ರಿಂದ ಗುಣಿಸಿ, ಅಂದರೆ ಇಂಚಿಗೆ 300 ಪಿಕ್ಸೆಲ್. 4×6ಕ್ಕೆ 1200×1800, 8×12ಕ್ಕೆ 2400×3600, 12×18ಕ್ಕೆ 3600×5400, 12×36ರ ಆಲ್ಬಂ ಶೀಟಿಗೆ 3600×10800 ಪಿಕ್ಸೆಲ್. ಗೋಡೆಗೆ ಹಾಕುವ ದೊಡ್ಡ ಪ್ರಿಂಟಿಗೆ 200 ಇದ್ದರೂ ಸಾಕು. ವಾಟ್ಸ್ಆ್ಯಪಿನಲ್ಲಿ ಸಾಧಾರಣವಾಗಿ ಕಳಿಸಿದ ಫೋಟೊ ಪಿಕ್ಸೆಲ್ ಕಳೆದುಕೊಂಡು ಕುಗ್ಗುತ್ತದೆ, ದೊಡ್ಡ ಪ್ರಿಂಟಿಗೆ ಸಾಲದು. ಕಳಿಸಲೇಬೇಕಿದ್ದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಆಗ ಫೈಲ್ ಇದ್ದಂತೆಯೇ ಹೋಗುತ್ತದೆ. ಮೊಬೈಲ್ ಫೋಟೊ ಸಾಮಾನ್ಯವಾಗಿ 4:3 ಆಕಾರದ್ದು, 4×6 ಕಾಗದ 3:2ರದ್ದು. ನೀವೇ ಕ್ರಾಪ್ ಮಾಡದಿದ್ದರೆ ಯಂತ್ರ ಕತ್ತರಿಸುವಾಗ ಅಜ್ಜಿಯ ತಲೆಯ ಮೇಲಿನ ಮಲ್ಲಿಗೆ ಹೋದೀತು.

ನಿಮ್ಮ ಬಣ್ಣವೇ ಬೇಕಿದ್ದರೆ ಕೌಂಟರಿನಲ್ಲಿ ‘ಕರೆಕ್ಷನ್ ಬೇಡ’ ಎಂದು ಸ್ಪಷ್ಟವಾಗಿ ಹೇಳಿ. ದೊಡ್ಡ ಪ್ರಿಂಟಿಗೆ ಮೊದಲು ಸಣ್ಣ ಪರೀಕ್ಷೆಯೊಂದನ್ನು ಮಾಡಿ: 3600×5400ರ ಫೈಲಿನಲ್ಲಿ ಮುಖವೋ ಜರಿಯೋ ಇರುವ ಕಡೆ 1200×1800ರ ತುಂಡನ್ನು, ಅಳತೆ ಬದಲಿಸದೆ, ಕತ್ತರಿಸಿ 4×6 ಹಾಕಿಸಿ. 12×18ರಲ್ಲಿ ಆ ಜಾಗ ಹೇಗೆ ಬರುತ್ತದೋ ಹಾಗೆಯೇ ಅದು ಕೈಗೆ ಬರುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಡಿ ನೋಡಿ ತೀರ್ಮಾನಿಸದೆ, ಹೊರಗೆ ಹಗಲಿನ ನೆರಳಿನಲ್ಲಿ ಹಿಡಿದು ನೋಡಿ, ಆಮೇಲೆ ದೊಡ್ಡದಕ್ಕೆ ಹೇಳಿ.